ಹಳೆಯ ಹೊಲಿಗೆ ಮಿಷನ್ ಕೈಕೊಟ್ಟರೆ: ದೋಷ ಮೊದಲು, ಬಿಡಿಭಾಗ ಆಮೇಲೆ

ಹಳೆಯ ಹೊಲಿಗೆ ಮಿಷನ್ ಕೈಕೊಟ್ಟ ತಕ್ಷಣ ಹೆಚ್ಚಿನವರು ಬಿಡಿಭಾಗ ಹುಡುಕಲು ಹೊರಡುತ್ತಾರೆ. ಶಟಲ್ (ಕೆಳಗೆ ಸೂಜಿಯ ದಾರವನ್ನು ಹಿಡಿಯುವ ಭಾಗ) ಸಿಗುತ್ತಾ, ಟೆನ್ಶನ್ ಸೆಟ್ (ದಾರವನ್ನು ಬಿಗಿ ಹಿಡಿಯುವ ಭಾಗ) ಸಿಗುತ್ತಾ, ಗೇರ್ ಸಿಗುತ್ತಾ ಅಂತ. ಸ್ವಲ್ಪ ತಡೀರಿ. ವರ್ಷಗಟ್ಟಲೆ ಮೂಲೆಯಲ್ಲಿ ಕೂತ ಮಿಷನ್‌ಗಳಲ್ಲಿ ಬಹಳಷ್ಟಕ್ಕೆ ಹೊಸ ಭಾಗ ಯಾವುದೂ ಬೇಕಾಗಿರುವುದಿಲ್ಲ. ಸೂಜಿ ತಪ್ಪಾಗಿರುತ್ತದೆ. ದಾರ ಪೋಣಿಸಿದ ದಾರಿ ತಪ್ಪಿರುತ್ತದೆ. ಎಣ್ಣೆ ಒಣಗಿ ಅಂಟಾಗಿರುತ್ತದೆ. ಇಲ್ಲವೇ ಶಟಲ್ ಸುತ್ತ ಜುಂಗು, ಅಂದರೆ ಬಟ್ಟೆ ಮತ್ತು ದಾರದಿಂದ ಉದುರಿದ ಎಳೆಗಳು, ತುಂಬಿರುತ್ತದೆ. ಕಬ್ಬಿಣದ ಆ ಮಿಷನ್‌ಗಳು ಸವೆಯುವುದು ಬಹಳ ನಿಧಾನ. ಚೆನ್ನಾಗಿರುವ ಭಾಗ ಬಿಚ್ಚಿ ಬೇರೆ ಹಾಕಿದರೆ ಹಳೆ ದೋಷ ಹಾಗೇ ಉಳಿದು, ಜೊತೆಗೆ ಹೊಸದೊಂದು ಸೇರಿಕೊಳ್ಳುತ್ತದೆ.

ಇಲ್ಲಿ ಹೇಳುತ್ತಿರುವುದು ಮನೆಬಳಕೆಯ ಲಾಕ್‌ಸ್ಟಿಚ್ ಮಿಷನ್‌ಗಳ ಬಗ್ಗೆ. ಅಂದರೆ ಮೇಲೊಂದು, ಕೆಳಗೊಂದು ದಾರ ಇರುವಂಥವು, ಹೆಚ್ಚುಕಡಿಮೆ 1900ರಿಂದ 1970ರ ದಶಕದವರೆಗಿನವು. ಒಂದೇ ದಾರದ ಚೈನ್ ಸ್ಟಿಚ್ ಮಿಷನ್‌ಗಳ ಲೆಕ್ಕವೇ ಬೇರೆ.

ಹೊಲಿಗೆ ಬೀಳುವುದು ಹೇಗೆ

ಇದು ಗೊತ್ತಿದ್ದರೆ ಅರ್ಧ ದೋಷ ಕೂತಲ್ಲೇ ಸಿಗುತ್ತದೆ. ಸೂಜಿ ಬಟ್ಟೆಯನ್ನು ತೂರಿ ಪೂರ್ತಿ ಕೆಳಗೆ ಹೋಗುತ್ತದೆ. ಅಲ್ಲಿಂದ ಸುಮಾರು ಎರಡೂವರೆ ಮಿ.ಮೀ. ಮೇಲೆ ಬಂದಾಗ ದಾರ ಸೂಜಿಯ ಒಂದು ಬದಿಯಲ್ಲಿ ಸಣ್ಣ ಕುಣಿಕೆಯಾಗಿ ಉಬ್ಬುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಶಟಲ್‌ನ ಮೊನೆ ಬಂದು ಕುಣಿಕೆಯನ್ನು ಹಿಡಿದು ಬಾಬಿನ್ (ಕೆಳಗಿನ ದಾರ ಸುತ್ತಿದ ಪುಟ್ಟ ರೀಲು) ಸುತ್ತ ದಾಟಿಸುತ್ತದೆ. ಮೇಲೆ ದಾರ ಎಳೆಯುವ ಲಿವರ್ ಎದ್ದು ಎರಡೂ ದಾರದ ಹೆಣಿಗೆಯನ್ನು ಬಟ್ಟೆಯೊಳಕ್ಕೆ ಬಿಗಿಯುತ್ತದೆ. ಆಮೇಲೆ ಕೆಳಗಿನ ಹಲ್ಲುಗಳು ಬಟ್ಟೆಯನ್ನು ಒಂದು ಹೊಲಿಗೆಯಷ್ಟು ಸರಿಸುತ್ತವೆ.

ಕುಣಿಕೆ ಸಿಗದಿದ್ದರೆ ಹೊಲಿಗೆ ತಪ್ಪುತ್ತದೆ. ಬಿಗಿಯದಿದ್ದರೆ ಗೋಜಲು. ಬಟ್ಟೆ ಸರಿಯದಿದ್ದರೆ ಒಂದೇ ಜಾಗದಲ್ಲಿ ಗುಡ್ಡೆ. ಯಾವ ಹಂತ ಕೆಟ್ಟಿದೆ ಅಂತ ಮೊದಲು ತೀರ್ಮಾನಿಸಿ. ಅದಕ್ಕೆ ಮೋಟಾರು ಬೇಡ, ಪೆಡಲೂ ಬೇಡ. ಹ್ಯಾಂಡ್ ವೀಲನ್ನು ಕೈಯಲ್ಲೇ ನಿಧಾನಕ್ಕೆ ತಿರುಗಿಸುತ್ತಾ ನೋಡಿ. ಲಾಕ್‌ಸ್ಟಿಚ್ ಮಿಷನ್‌ಗಳಲ್ಲಿ ಬಹುಪಾಲು ನಿಮ್ಮ ಕಡೆಗೆ ತಿರುಗುವಂಥವು. ಸೂಜಿಹಲಗೆಯ (ಸೂಜಿ ಇಳಿಯುವ ರಂಧ್ರವಿರುವ ತಗಡಿನ) ಪಕ್ಕದ ಜಾರುತಗಡನ್ನು ತೆಗೆದರೆ ಒಳಗಿನ ಆಟವೆಲ್ಲ ಕಾಣುತ್ತದೆ. ಟಾರ್ಚ್ ಹಾಕಿ, ಮೇಲಕ್ಕೆ ಬಿಳಿ ದಾರ, ಕೆಳಕ್ಕೆ ಬಣ್ಣದ ದಾರ ಹಾಕಿಕೊಂಡರೆ ಯಾವುದು ಎಲ್ಲಿ ತಪ್ಪುತ್ತಿದೆ ಎಂದು ಅನುಮಾನವೇ ಬರುವುದಿಲ್ಲ.

ಮಿಷನ್‌ನ ಜಾತಿ ಗುರುತಿಸಿ

ತೋಳಿನ ಮೇಲಿನ ಬಂಗಾರದ ಅಕ್ಷರ ನಂಬಿ ಕೂರಬೇಡಿ. ಎರಡನೇ ಮಹಾಯುದ್ಧದ ನಂತರ ಜಪಾನಿನ ಕಾರ್ಖಾನೆಗಳು ಸಿಂಗರ್ ಕಂಪನಿಯ 15 ನಂಬರಿನ ಮಾದರಿಯ ನಕಲುಗಳನ್ನು ಲೆಕ್ಕವಿಲ್ಲದಷ್ಟು ಹೆಸರುಗಳಲ್ಲಿ ಹೊರತಂದವು. ಮಾರುವವರು ಕೇಳಿದ ಹೆಸರನ್ನೇ ಮೇಲೆ ಅಚ್ಚು ಹಾಕಿ ಕೊಡುತ್ತಿದ್ದರು. ಒಳಗೆಲ್ಲ ಒಂದೇ ಜಾತಿ. ಹಾಗಾಗಿ ಶಟಲ್ ಮತ್ತು ಬಾಬಿನ್ ನೋಡಿ ಜಾತಿ ಹೇಳುವುದೇ ಭದ್ರ. ಕೆಳಗೆ ಬರುವ 15, 66ರಂಥ ಅಂಕಿಗಳು ಸಿಂಗರ್ ಮಾದರಿಗಳ ನಂಬರು.

ಬಾಬಿನ್ ಒಂದು ಲೋಹದ ಕೇಸಿನಲ್ಲಿ ಕೂತು, ಆ ಕೇಸು ಎಡಗಡೆಯಿಂದ ಒಳಗೆ ಹೋಗಿ ಟಕ್ ಅಂತ ಕೂರುತ್ತದೆಯೇ? ಅದು 15ರ ಜಾತಿ. ಶಟಲ್ ಅತ್ತಿಂದಿತ್ತ ತೂಗುತ್ತದೆ, ಪೂರ್ತಿ ಸುತ್ತುವುದಿಲ್ಲ. ಬಾಬಿನನ್ನು ಮೇಲಿನಿಂದ ಇಳಿಬಿಡುತ್ತೀರಾ? ಅದು 66 ಅಥವಾ ಅದರ ಚಿಕ್ಕ ರೂಪ 99 ಇರಬಹುದು, ಶಟಲ್ ಪೂರ್ತಿ ಸುತ್ತುತ್ತಿದ್ದರೆ 201. ದೋಣಿಯಾಕಾರದ ಶಟಲ್, ಒಳಗೆ ಉದ್ದ ಕಡ್ಡಿಯಂಥ ಬಾಬಿನ್ ಇದ್ದರೆ 27, 28, 127, 128ರ ಗುಂಪು. 1933ರಲ್ಲಿ ಬಂದ ಪುಟ್ಟ 221, ಅದೇ ಫೆದರ್‌ವೆಯ್ಟ್, ತನ್ನದೇ ಅಳತೆಯ ಬಾಬಿನ್ ಬೇಡುತ್ತದೆ. ಬೇರೆಯದು ಕೂರುವುದಿಲ್ಲ.

ಸಿಂಗರ್‌ಗಳಲ್ಲಿ ಬುಡದ ಬಲಭಾಗದಲ್ಲಿ ಸೀರಿಯಲ್ ನಂಬರ್ ಇರುತ್ತದೆ. 1900ಕ್ಕೆ ಮೊದಲಿನವುಗಳಲ್ಲಿ ಬರೀ ಅಂಕಿ, ನಂತರದವುಗಳಲ್ಲಿ ಮುಂದೆ ಒಂದೋ ಎರಡೋ ಅಕ್ಷರ. ಇಂಟರ್‌ನ್ಯಾಷನಲ್ ಸೂಯಿಂಗ್ ಮಷೀನ್ ಕಲೆಕ್ಟರ್ಸ್ ಸೊಸೈಟಿ ಈ ನಂಬರುಗಳ ಪಟ್ಟಿ ಕಟ್ಟಿಟ್ಟಿದೆ. ಅದರಿಂದ ಮಿಷನ್‌ನ ವರ್ಷ ಮತ್ತು ಮಾದರಿ ತಿಳಿಯುತ್ತದೆ. ಕೆನ್‌ಮೋರ್ ಮಿಷನ್ ಆದರೆ ಮಾದರಿ ನಂಬರಿನ ಚುಕ್ಕೆಗೆ ಮೊದಲಿನ ಮೂರು ಅಂಕಿ ನೋಡಿ. 158 ಅಂದರೆ ಮಾರುಜೆನ್ ತಯಾರಿಸಿದ್ದು, 385 ಅಂದರೆ ಜಾನೋಮಿ. ಬಿಡಿಭಾಗ ಹುಡುಕುವಾಗ ಈ ಮೂರು ಅಂಕಿಗೆ ಬಹಳ ಬೆಲೆ ಇದೆ.

ಯಾವ ದೋಷವಿದ್ದರೂ ಮೊದಲು ಸೂಜಿ

ಇದನ್ನು ಹಗುರವಾಗಿ ತಗೋಬೇಡಿ. ಸೂಜಿ ಬದಲಿಸದೆ ಬೇರೆ ಯಾವುದಕ್ಕೂ ಕೈಹಾಕಬೇಡಿ. ನೋಡಲು ಚೆನ್ನಾಗಿರುವ ಸೂಜಿಯೂ ಬಾಗಿರಬಹುದು. ಗಾಜಿನ ಮೇಲೆ ಅದರ ಚಪ್ಪಟೆ ಬದಿ ಇಟ್ಟು ನೋಡಿ. ಸೂಜಿಗೂ ಗಾಜಿಗೂ ನಡುವಿನ ಸಂದು ಉದ್ದಕ್ಕೂ ಒಂದೇ ಸಮ ಕಾಣಬೇಕು.

ಹಳೆಯ ಮನೆ ಮಿಷನ್‌ಗಳಲ್ಲಿ ಬಹುಪಾಲು 15×1 ಸೂಜಿ ಹಾಕಿಕೊಳ್ಳುತ್ತವೆ. ಪೊಟ್ಟಣದ ಮೇಲೆ 130/705 ಎಚ್ ಅಥವಾ ಎಚ್‌ಎ×1 ಅಂತಿದ್ದರೂ ಅದೇ. ಸಿಂಗರ್ 15, 66, 99, 127, 128, 201, 221 ಎಲ್ಲಕ್ಕೂ ಇದೇ ಆಗುತ್ತದೆ. ಆದರೆ 206, 306, 319ಕ್ಕೆ ಮೂಲದಲ್ಲಿ ಹೇಳಿದ್ದು 206×13, ಸ್ವಲ್ಪ ಗಿಡ್ಡ ಸೂಜಿ. ಅಲ್ಲಿ ಸುಮ್ನೆ 15×1 ಸಿಕ್ಕಿಸಿದರೆ ಹೊಲಿಗೆ ತಪ್ಪುತ್ತದೆ, ಕೆಳಗಿನ ಭಾಗಕ್ಕೆ ಬಡಿಯಲೂಬಹುದು. ಇನ್ನೂ ಹಳೆಯ ಸಿಂಗರ್ 12ಕ್ಕೆ 12×1 ಬೇಕು. ಅದು ಈಗ ಸಿಗುವುದೇ ಕಷ್ಟ. ಆ ಮಿಷನ್ ಕೊಳ್ಳುವ ಮುಂಚೆಯೇ ಸೂಜಿ ಇದೆಯಾ ಕೇಳಿ.

ಸೂಜಿ ಹಾಕುವ ದಿಕ್ಕು ಮಿಷನ್‌ನಿಂದ ಮಿಷನ್‌ಗೆ ಬದಲಾಗುತ್ತದೆ. ನೆನಪಿಡಬೇಕಾದ್ದು ಇಷ್ಟೇ: ಸೂಜಿಯ ಉದ್ದ ತೋಡು ಇರುವ ಬದಿಯಿಂದ ದಾರ ಒಳಗೆ ಹೋಗಬೇಕು, ಚಪ್ಪಟೆ ಬದಿ ಶಟಲ್ ಮೊನೆ ಬರುವ ಕಡೆಗಿರಬೇಕು. ತಿರುಗುಮುರುಗಾದರೆ ಒಂದು ಹೊಲಿಗೆಯೂ ಬೀಳುವುದಿಲ್ಲ. "ಮಿಷನ್ ಹೊಲಿಯೋದೇ ಇಲ್ಲ, ಟೈಮಿಂಗ್ (ಸೂಜಿಗೂ ಶಟಲ್ ಮೊನೆಗೂ ಇರುವ ಹೊತ್ತಿನ ಹೊಂದಾಣಿಕೆ) ಹೋಗಿದೆ" ಎಂದು ಜನ ಹೇಳುವ ಮಿಷನ್‌ಗಳಲ್ಲಿ ಎಷ್ಟೋ ಬಾರಿ ಆಗಿರುವುದು ಇದೇ. ಸೂಜಿ ಪೂರ್ತಿ ಮೇಲಕ್ಕೆ ಏರಿ ಕೂತಿದೆಯಾ ಅಂತಲೂ ನೋಡಿ. ಅರ್ಧ ಮಿ.ಮೀ. ಕೆಳಗಿದ್ದರೂ ಹೊಲಿಗೆ ಕೆಡುತ್ತದೆ.

ದಪ್ಪದ ವಿಷಯ. 90/14 ಅಂದರೆ ಸೂಜಿಯ ದಪ್ಪ 0.90 ಮಿ.ಮೀ. 70/10 ತೆಳು ಬಟ್ಟೆಗೆ, 80/12 ಮತ್ತು 90/14 ಸಾಮಾನ್ಯ ಬಟ್ಟೆಗೆ, 100/16 ಜೀನ್ಸ್‌ನಂಥದಕ್ಕೆ. ದಾರಕ್ಕೂ ಸೂಜಿಗೂ ಹೊಂದುತ್ತದಾ ಅಂತ ತಿಳಿಯಲು ಒಂದು ಗೇಣು ದಾರಕ್ಕೆ ಸೂಜಿ ಪೋಣಿಸಿ, ದಾರವನ್ನು ಎರಡೂ ಕಡೆ ಹಿಡಿದು ಓರೆ ಮಾಡಿ. ಸೂಜಿ ತಾನಾಗಿ ಜಾರಬೇಕು. ಜಾರದೆ ನಿಂತರೆ ಸೂಜಿ ಸಣ್ಣದಾಯಿತು.

ಮಿಷನ್ ತಿರುಗುತ್ತಲೇ ಇಲ್ಲ

ಎರಡು ಬಗೆ ಇದೆ, ಬೇರೆ ಬೇರೆ ಮಾಡಿ ನೋಡಿ. ಹ್ಯಾಂಡ್ ವೀಲ್ ಸ್ವಲ್ಪ ತಿರುಗಿ, ಒಂದು ಜಾಗದಲ್ಲಿ ಟಕ್ ಅಂತ ನಿಂತರೆ ಶಟಲ್‌ನ ದಾರಿಯಲ್ಲಿ ಏನೋ ಸಿಕ್ಕಿದೆ ಅಂತ ಅರ್ಥ. ದಾರದ ತುಂಡೋ, ಮುರಿದ ಸೂಜಿಯ ಮೊನೆಯೋ ಇರುತ್ತದೆ. ಬಲ ಹಾಕಬೇಡಿ. 15ರ ಜಾತಿಯಲ್ಲಿ ಶಟಲ್ ಹಿಡಿದಿರುವ ಉಂಗುರವನ್ನು ಕ್ಲಿಪ್ ಸರಿಸಿ ಅಥವಾ ಸ್ಕ್ರೂ ಬಿಚ್ಚಿ ತೆಗೆದರೆ ಶಟಲ್ ಕೈಗೆ ಬರುತ್ತದೆ. ಅದು ಓಡಾಡುವ ತೋಡಿನಲ್ಲಿ ಒಂದೇ ಒಂದು ಎಳೆ ಸಿಕ್ಕಿಕೊಂಡಿದ್ದರೂ ಮಿಷನ್ ಕಚ್ಚಿಕೊಳ್ಳುತ್ತದೆ. ಚಿಮುಟದಿಂದ ಎಳೆದು, ಒರೆಸಿ, ಒಂದು ತೊಟ್ಟು ಎಣ್ಣೆ ಬಿಟ್ಟು ಮತ್ತೆ ಕೂರಿಸಿ. ಪೂರ್ತಿ ಸುತ್ತುವ ಶಟಲ್ ಇರುವ 221ರಂಥ ಮಿಷನ್‌ಗಳಲ್ಲಿ ಇದು ಇನ್ನೂ ಜಾಸ್ತಿ. ಹೊಲಿಗೆ ಶುರುಮಾಡುವಾಗ ಎರಡೂ ದಾರದ ತುದಿ ಹಿಡಿದುಕೊಳ್ಳದಿದ್ದರೆ ಅವು ಸೀದಾ ಒಳಗೆ ಸೇರುತ್ತವೆ.

ಯಾವ ಜಾಗದಲ್ಲಿಯೂ ಸಲೀಸಾಗಿ ತಿರುಗದೆ, ಉದ್ದಕ್ಕೂ ಬಿಗಿಯಾಗಿದ್ದರೆ ಎಣ್ಣೆ ಒಣಗಿದೆ. ಅಡುಗೆ ಎಣ್ಣೆ, ತಲೆಗೆ ಹಚ್ಚುವ ಎಣ್ಣೆ ಬಿಟ್ಟಿದ್ದರಂತೂ ಅದು ಅರಗಿನ ಥರ ಗಟ್ಟಿಯಾಗಿರುತ್ತದೆ. ಲೋಹಕ್ಕೆ ಲೋಹ ತಾಗುವ ಪ್ರತಿ ಜಾಗಕ್ಕೂ ಸೀಮೆಎಣ್ಣೆ ಅಥವಾ ತುಕ್ಕು ಬಿಡಿಸುವ ತೆಳು ಎಣ್ಣೆ ಒಂದೊಂದು ತೊಟ್ಟು ಬಿಡಿ. ಎಡತುದಿಯ ತಗಡು ಬಿಚ್ಚಿದರೆ ಸೂಜಿ ಕಡ್ಡಿ ಕಾಣುತ್ತದೆ, ಅದನ್ನು ಮರೆಯಬೇಡಿ. ಕೂದಲು ಒಣಗಿಸುವ ಡ್ರೈಯರ್‌ನಿಂದ ಬಿಸಿ ಕೊಟ್ಟರೆ ಅಂಟು ಮೆತ್ತಗಾಗುತ್ತದೆ. ಹ್ಯಾಂಡ್ ವೀಲನ್ನು ಹಿಂದೆ ಮುಂದೆ ಕೂದಲೆಳೆಯಷ್ಟು ಅಲ್ಲಾಡಿಸಿ, ಬಿಡಿ, ಮತ್ತೆ ತೊಟ್ಟು ಹಾಕಿ. ಒಂದು ರಾತ್ರಿ ಬಿಟ್ಟರೂ ಬಿಡದಿದ್ದರೆ ಇನ್ನೊಂದು ರಾತ್ರಿ ಬಿಡಿ. ಹಲಗೆ ಇಟ್ಟು ಸುತ್ತಿಗೆ ಹೊಡೆಯುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಎರಕದ ಕಬ್ಬಿಣ ಒಂದೇ ಏಟಿಗೆ ಸೀಳುತ್ತದೆ.

ಬಿಟ್ಟ ಮೇಲೆ ಸೀಮೆಎಣ್ಣೆಯನ್ನು ಹಾಗೇ ಉಳಿಸಬೇಡಿ. ಅದು ಅಂಟು ಕರಗಿಸುತ್ತದೆ, ಆದರೆ ಜಾರುವಿಕೆ ಕೊಡುವುದಿಲ್ಲ. ಒರೆಸಿ, ಹೊಲಿಗೆ ಮಿಷನ್‌ನ ತಿಳಿ ಎಣ್ಣೆ ಹಾಕಿ. ಕಪ್ಪು ಬಣ್ಣಕ್ಕೂ ಬಂಗಾರದ ಚಿತ್ತಾರಕ್ಕೂ ಸ್ಪಿರಿಟ್ ಮಾತ್ರ ತಾಗಿಸಲೇಬೇಡಿ. ಆ ಚಿತ್ತಾರದ ಮೇಲೆ ಅರಗಿನ ಮೆರುಗು ಹಚ್ಚಿರುತ್ತಾರೆ, ಸ್ಪಿರಿಟ್ ಅದನ್ನು ಕರಗಿಸುತ್ತದೆ. ಬಣ್ಣ ಒರೆಸಲು ಅದೇ ಮಿಷನ್ ಎಣ್ಣೆ ಹಾಕಿದ ಮೆತ್ತನೆ ಬಟ್ಟೆ ಸಾಕು.

ವೀಲ್ ತಿರುಗುತ್ತೆ, ಸೂಜಿ ಅಲ್ಲಾಡಲ್ಲ

ವೀಲಿನ ಮಧ್ಯದಲ್ಲಿ ಒಂದು ಗುಬ್ಬಿ ಇದೆಯಲ್ವಾ, ಅದು ಕ್ಲಚ್. ಬಾಬಿನ್ ಸುತ್ತುವಾಗ ಅದನ್ನು ಸಡಿಲಿಸುತ್ತೇವೆ. ಗಟ್ಟಿ ಮಾಡಿದರೂ ಸೂಜಿ ಅಲ್ಲಾಡದಿದ್ದರೆ ಒಳಗಿನ ಮುಖಗಳಿಗೆ ಎಣ್ಣೆ ಜಿಡ್ಡು ಹತ್ತಿದೆ, ಇಲ್ಲವೇ ವಾಶರ್ ತಪ್ಪಾಗಿ ಕೂತಿದೆ.

ಗುಬ್ಬಿಯ ಮೇಲಿನ ಪುಟ್ಟ ಸ್ಕ್ರೂ ಸಡಿಲಿಸಿ ಗುಬ್ಬಿ ಬಿಚ್ಚಿ. ಒಳಗೆ ಮೂರು ಕಿವಿಯ ವಾಶರ್ ಸಿಗುತ್ತದೆ. ಅದರ ಒಳಬದಿಯಲ್ಲಿ ಎರಡು ಸಣ್ಣ ನಾಲಿಗೆಗಳಿವೆ, ಅವು ಶಾಫ್ಟಿನ ಸಂದಿನಲ್ಲಿ ಕೂರುತ್ತವೆ ಮತ್ತು ನಿಮ್ಮ ಕಡೆಗೆ ಬಾಗಿರಬೇಕು. ಎಲ್ಲ ಒರೆಸಿ ಮರಳಿ ಹಾಕಿ. ಈಗ ಗುಬ್ಬಿ ಸಡಿಲಿಸಿದರೂ ಕ್ಲಚ್ ಬಿಡುತ್ತಿಲ್ಲ ಅಥವಾ ಗಟ್ಟಿಯಾಗುತ್ತಲೇ ಇಲ್ಲ ಅನ್ನಿಸಿದರೆ ವಾಶರನ್ನು ತೆಗೆದು ಅರ್ಧ ಸುತ್ತು ತಿರುಗಿಸಿ ಹಾಕಿ. ನಾಲಿಗೆ ಎರಡು, ಕಿವಿ ಮೂರು. ಹಾಗಾಗಿ ಅದು ಎರಡು ರೀತಿ ಕೂರುತ್ತದೆ, ಒಂದು ರೀತಿಯಲ್ಲಿ ಮಾತ್ರ ಆ ಪುಟ್ಟ ಸ್ಕ್ರೂ ಸರಿಯಾದ ಜಾಗದಲ್ಲಿ ತಡೆಯುತ್ತದೆ. ಈ ವಾಶರ್ ಹಾಳಾಗುವುದೇ ಅಪರೂಪ. ಆದರೂ ಹೊಸದನ್ನು ಹುಡುಕಿಕೊಂಡು ಅಲೆಯುವವರಿದ್ದಾರೆ.

ಬಟ್ಟೆಯ ಕೆಳಗೆ ಗೋಜಲು

ಕೆಳಗೆ ಗೋಜಲಾದರೆ ಕೆಳಗಿನ ಬಾಬಿನ್ ಬೈಯುವುದು ಎಲ್ಲರ ಅಭ್ಯಾಸ. ತಪ್ಪು ಬಹುತೇಕ ಮೇಲಿನದು. ಮೇಲಿನ ದಾರಕ್ಕೆ ಬಿಗಿ ಇಲ್ಲದಿದ್ದಾಗ ಅದು ಕೆಳಗೆ ಹರಿದು ಕುಣಿಕೆಯಾಗಿ ಉಳಿಯುತ್ತದೆ. ಬಟ್ಟೆಯ ಮೇಲೆ ಕುಣಿಕೆ ಕಂಡರೆ ಕೆಳಗಿನ ದಾರ ಸಡಿಲ ಅಥವಾ ಮೇಲಿನದು ಅತಿ ಬಿಗಿ.

ಹಿಂದಿನ ಲಿವರ್ ಎತ್ತಿ ಬಟ್ಟೆ ಒತ್ತುವ ಪಾದ ಮೇಲಿದ್ದಾಗ ಟೆನ್ಶನ್ ಬಿಲ್ಲೆಗಳು ತೆರೆದಿರುತ್ತವೆ. ಪಾದ ಇಳಿಸಿದಾಗ ಕಚ್ಚಿಕೊಳ್ಳುತ್ತವೆ. ಆದ್ದರಿಂದ ದಾರ ಪೋಣಿಸುವಾಗ ಪಾದ ಮೇಲಿರಬೇಕು. ಇಳಿಸಿಕೊಂಡು ಪೋಣಿಸಿದರೆ ದಾರ ಬಿಲ್ಲೆಗಳ ನಡುವೆ ಹೋಗದೆ ಅಂಚಿನಲ್ಲೇ ಉಳಿಯುತ್ತದೆ. ಈಗ ಪರೀಕ್ಷೆ: ಪಾದ ಎತ್ತಿ ದಾರ ಎಳೆಯಿರಿ, ಸಲೀಸಾಗಿ ಬರಬೇಕು. ಇಳಿಸಿ ಎಳೆಯಿರಿ, ತಡೆ ಕಾಣಬೇಕು. ಎರಡಕ್ಕೂ ವ್ಯತ್ಯಾಸವಿಲ್ಲ ಅಂದರೆ ದೋಷ ಟೆನ್ಶನ್ ಸೆಟ್ಟಿನಲ್ಲಿದೆ.

ಬಿಚ್ಚುವ ಮುಂಚೆ ಮಡಚಿದ ಬಟ್ಟೆಯ ತುಂಡನ್ನು ಬಿಲ್ಲೆಗಳ ನಡುವೆ ಹಲ್ಲುಜ್ಜುವ ದಾರದ ಹಾಗೆ ಆಡಿಸಿ. ಒಂದು ಚೂರು ಜುಂಗು ಸಿಕ್ಕಿದ್ದರೂ ಬಿಲ್ಲೆ ಮುಚ್ಚುವುದಿಲ್ಲ. ಅಷ್ಟಕ್ಕೆ ಸರಿಯಾಗದಿದ್ದರೆ ಬಿಚ್ಚಿ, ಪ್ರತಿ ಹಂತದ ಫೋಟೋ ತೆಗೆಯುತ್ತಾ ಹೋಗಿ. ಗುಬ್ಬಿ, ಸ್ಪ್ರಿಂಗ್, ಬಿಲ್ಲೆಗಳು, ದಾರ ತಡೆಯುವ ತಂತಿಸ್ಪ್ರಿಂಗ್, ಮಧ್ಯದಲ್ಲಿ ತೂರುವ ಸಣ್ಣ ಪಿನ್ನು ಎಲ್ಲವನ್ನೂ ಬಂದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡಿ. ಎರಡು ಬಿಲ್ಲೆಗಳನ್ನು ಮರಳಿ ಹಾಕುವಾಗ ಉಬ್ಬಿದ ಮುಖಗಳು ಒಂದಕ್ಕೊಂದು ಎದುರಾಗಿರಬೇಕು. ಬಿಲ್ಲೆಯ ಒಳಮುಖದಲ್ಲಿ ತುಕ್ಕಿನ ಚುಕ್ಕೆ ಇದ್ದರೆ ನುಣುಪಾಗಿ ಉಜ್ಜಿ. ಆ ಪಿನ್ನು ಜಿಡ್ಡಿಗೆ ಅಂಟಿಕೊಂಡಿದ್ದರೆ ಪಾದ ಇಳಿಸಿದರೂ ಬಿಲ್ಲೆ ತೆರೆದೇ ಇರುತ್ತದೆ. ನಾನು ಮೊದಲು ನೋಡುವುದು ಅದನ್ನೇ. ತಂತಿಸ್ಪ್ರಿಂಗ್ ಮುರಿದಿದ್ದರೆ ಮಾತ್ರ ಹೊಸದು ಬೇಕು. 15 ಮತ್ತು 66ಕ್ಕೆ ಅದು ಸುಲಭವಾಗಿ ಸಿಗುತ್ತದೆ.

ಕೆಳಗಿನ ಟೆನ್ಶನ್‌ಗೆ ಕಡೆಗೆ ಬನ್ನಿ. ಬಾಬಿನ್ ಕೇಸಿನ ಹೊರಗೆ ಒಂದು ತೆಳು ತಗಡಿನ ಸ್ಪ್ರಿಂಗ್ ಇದೆ, ಅದರಡಿ ದಾರ ಹಾಯುತ್ತದೆ. ಗುಂಡುಸೂಜಿಯಿಂದ ಅದರಡಿ ಗೀರಿದರೆ ಬೂದು ಬಣ್ಣದ ಒಂದು ಎಸಳು ಜುಂಗು ಹೊರಬರುತ್ತದೆ. ಆ ಎಸಳು ಸ್ಪ್ರಿಂಗನ್ನು ಎತ್ತಿ ಹಿಡಿದಿರುವಷ್ಟು ಕಾಲ ಸ್ಕ್ರೂ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಶುಚಿ ಮಾಡಿ, ಬಾಬಿನ್ ತುಂಬಿದ ಕೇಸನ್ನು ದಾರದ ತುದಿಯಲ್ಲಿ ತೂಗುಬಿಡಿ. ತಾನಾಗಿ ಇಳಿಯಬಾರದು, ಕೈ ಸ್ವಲ್ಪ ಜಗ್ಗಿದರೆ ಚೂರು ಇಳಿದು ನಿಲ್ಲಬೇಕು. ಸ್ಕ್ರೂ ತಿರುಗಿಸುವುದಾದರೆ ಕಾಲು ಸುತ್ತಿಗಿಂತ ಕಡಿಮೆ. ಅದು ಕಳಚಿ ಬಿದ್ದರೆ ಹುಡುಕುವುದು ಕಷ್ಟ, ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ.

ದಾರ ತುಂಡಾಗುವುದು

ಮೊದಲು ದಾರವನ್ನೇ ಪರೀಕ್ಷಿಸಿ. ಮಿಷನ್ ಜೊತೆ ಡಬ್ಬಿಯಲ್ಲಿ ಬಂದ ಹಳೆ ರೀಲು ಕೈಯಲ್ಲಿ ಎಳೆದರೇ ತುಂಡಾದರೆ ಅದನ್ನು ಹೊಲಿಗೆಗೆ ಬಳಸಬೇಡಿ. ದಾರ ಸರಿ ಇದ್ದರೆ ದಾರಿಯಲ್ಲಿ ಎಲ್ಲೋ ಹರಿತವಿದೆ. ಸೂಜಿಹಲಗೆಯ ರಂಧ್ರದ ಸುತ್ತ ನೋಡಿ. ಹಿಂದೆ ಯಾವಾಗಲೋ ಸೂಜಿ ಬಡಿದ ಗೀರು ಅಲ್ಲಿರುತ್ತದೆ. ಹತ್ತಿಯ ಉಂಡೆಯನ್ನು ರಂಧ್ರ, ಶಟಲ್ ಮೊನೆ, ದಾರ ಹಾಯುವ ಕೊಕ್ಕೆ ಎಲ್ಲದರ ಮೇಲೂ ಎಳೆಯಿರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲೇ ತಪ್ಪು. ಅತಿ ನುಣುಪಿನ ಎಮರಿ ಕಾಗದದಿಂದ ಗೀರು ಕಾಣದಷ್ಟು ಮಾತ್ರ ಉಜ್ಜಿ. ಶಟಲ್ ಮೊನೆಯನ್ನು ಮೊಂಡು ಮಾಡಬಾರದು, ರೂಪ ಬದಲಾದರೆ ಕುಣಿಕೆ ಹಿಡಿಯುವುದಿಲ್ಲ. ಮೊನೆಯೇ ಮುರಿದಿದ್ದರೆ ಶಟಲ್ ಬದಲಿಸುವುದೇ ಸರಿ.

ಹೊಲಿಗೆ ಬಿಟ್ಟು ಬಿಟ್ಟು ಬೀಳುವುದು

ಸೂಜಿ ಹೊಸದು, ದಿಕ್ಕು ಸರಿ, ದಪ್ಪ ಸರಿ, ಆದರೂ ತಪ್ಪುತ್ತಿದೆ ಅಂದಾಗ ಮಾತ್ರ ಟೈಮಿಂಗ್ ಮಾತು. ಸೂಜಿಹಲಗೆ ತೆಗೆದು ಹ್ಯಾಂಡ್ ವೀಲ್ ತಿರುಗಿಸಿ. ಸೂಜಿ ಅತಿ ಕೆಳಗೆ ಹೋಗಿ, ಮೇಲೆ ಏಳತೊಡಗಿ ಎರಡೂವರೆ ಮಿ.ಮೀ. ಆಸುಪಾಸು ಬಂದಾಗ ಶಟಲ್ ಮೊನೆ ಸೂಜಿಯ ಮಧ್ಯಕ್ಕೆ ಬಂದಿರಬೇಕು. ಸೂಜಿಕಣ್ಣಿನ ಮೇಲಂಚಿಗಿಂತ ಅಂದಾಜು ಒಂದೂವರೆ ಮಿ.ಮೀ. ಮೇಲೆ ಇರಬೇಕು. ಸೂಜಿಗೂ ಮೊನೆಗೂ ನಡುವೆ ಒಂದು ಕಾಗದ ಹಾಯುವಷ್ಟೇ ಸಂದು, ಅಂದರೆ ಸುಮಾರು 0.1 ಮಿ.ಮೀ.

ಮೊನೆ ಕಣ್ಣಿಗೇ ಬಂದು ತಗಲುತ್ತಿದ್ದರೆ ಸೂಜಿ ಕಡ್ಡಿ ಮೇಲಕ್ಕೆ ಸರಿದಿದೆ. ಕಣ್ಣಿಗಿಂತ ಬಹಳ ಮೇಲೆ ಹಾಯುತ್ತಿದ್ದರೆ ಕಡ್ಡಿ ಕೆಳಗೆ ಜಾರಿದೆ. 15 ಮತ್ತು 66ರಂಥ ತೂಗುವ ಶಟಲ್‌ನ ಮಿಷನ್‌ಗಳಲ್ಲಿ ಶಟಲ್ ತಾನಾಗಿ ಸ್ಥಾನ ತಪ್ಪುವುದು ಕಡಿಮೆ. ದಪ್ಪ ಬಟ್ಟೆಗೆ ಬಡಿದು ಜಾರುವುದು ಸೂಜಿ ಕಡ್ಡಿಯೇ. ಎಡತುದಿಯ ತಗಡಿನ ಹಿಂದೆ ಅದನ್ನು ಹಿಡಿದ ಸ್ಕ್ರೂ ಇದೆ. ಕೆಲವು ಮಿಷನ್‌ಗಳ ಕಡ್ಡಿಯ ಮೇಲೆ ಎರಡು ಗೆರೆ ಕೆತ್ತಿರುತ್ತಾರೆ, ಆ ಗೆರೆ ಹಿಡಿದು ಎತ್ತರ ಹೊಂದಿಸಬಹುದು. ಸ್ಕ್ರೂ ಸಡಿಲಿಸುವ ಮುನ್ನ ಈಗಿರುವ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ.

1960ರ ದಶಕದಿಂದ ಈಚಿನ ಮಿಷನ್‌ಗಳಲ್ಲಿ ಕಥೆ ಬೇರೆ. ಅಲ್ಲಿ ನೈಲಾನ್ ಗೇರ್ ಬಂತು. ವಯಸ್ಸಾದ ನೈಲಾನ್ ಬಿರುಕು ಬಿಡುತ್ತದೆ, ಹಲ್ಲು ಉದುರುತ್ತದೆ, ಟೈಮಿಂಗ್ ದಿಢೀರನೆ ಹೋಗುತ್ತದೆ. ಸಿಂಗರ್‌ನ ಟಚ್ ಅಂಡ್ ಸ್ಯೂ ಸಾಲಿನಲ್ಲಿ ಇದು ಬಹಳ ಸಾಮಾನ್ಯ. ಬರ್ನಿನಾ 830 ರೆಕಾರ್ಡ್‌ನಲ್ಲಿ ಕ್ಯಾಮ್ (ಹೊಲಿಗೆಯ ವಿನ್ಯಾಸ ಮೂಡಿಸುವ ಉಬ್ಬುತಗ್ಗಿನ ಬಿಲ್ಲೆ) ತಿರುಗಿಸುವ ಗೇರ್ ಬಿರಿಯುತ್ತದೆ. ಹಳೆಯ ಎಲ್ನಾಗಳಲ್ಲಿ ಗೇರ್ ಅಲ್ಲ, ಮೋಟಾರಿನಿಂದ ತಿರುಗುವ ರಬ್ಬರ್ ಚಕ್ರ. ಮಿಷನ್ ಬಳಸದೆ ಇಟ್ಟಾಗ ಅದರ ಒಂದು ಕಡೆ ಚಪ್ಪಟೆಯಾಗಿ, ಹೊಲಿಯುವಾಗ ಟಪ ಟಪ ಸದ್ದು ಬರುತ್ತದೆ. ಇಂಥಲ್ಲಿ ಎಣ್ಣೆ, ಸೂಜಿಯಿಂದ ಕೆಲಸ ಆಗುವುದಿಲ್ಲ, ಭಾಗವೇ ಬೇಕು. ಆದರೆ ಝಿಗ್‌ಝಾಗ್ ಲಿವರ್ ಅಲ್ಲಾಡುತ್ತಿಲ್ಲ ಅಂದರೆ ಗೇರನ್ನು ಅನುಮಾನಿಸುವ ಮೊದಲು ಹಳೆ ಗ್ರೀಸ್ ನೋಡಿ. ಹುಸ್ಕ್‌ವರ್ನಾ ಮಿಷನ್‌ಗಳಲ್ಲಿ ಅದು ಕಲ್ಲಾಗಿ ಕ್ಯಾಮ್‌ಗಳನ್ನೇ ಕಟ್ಟಿಹಾಕಿರುತ್ತದೆ.

ಬಟ್ಟೆ ಮುಂದೆ ಹೋಗುತ್ತಿಲ್ಲ

ಹೊಲಿಗೆ ಉದ್ದದ ಲಿವರ್ ಸೊನ್ನೆಯಲ್ಲಿದೆಯಾ, ಹಲ್ಲು ಇಳಿಸುವ ಗುಬ್ಬಿ ಯಾರಾದರೂ ತಿರುಗಿಸಿದ್ದಾರಾ, ಎರಡನ್ನೂ ನೋಡಿ. ಆಮೇಲೆ ಸೂಜಿಹಲಗೆ ಎತ್ತಿ. ಹಲ್ಲಿನ ಸಾಲುಗಳ ನಡುವೆ ಜುಂಗು ಒತ್ತಿ ಒತ್ತಿ ಕಂಬಳಿಯಷ್ಟು ಗಟ್ಟಿಯಾಗಿರುತ್ತದೆ. ಅದು ಹಲ್ಲಿನ ಮೇಲೆ ಕೂತು ಹಲಗೆಯನ್ನೇ ಎತ್ತುತ್ತದೆ. ಗುಂಡುಸೂಜಿಯಿಂದ ಕೀಳಿ, ಊದಬೇಡಿ. ಅತಿ ಮೇಲಿದ್ದಾಗ ಹಲ್ಲು ಹಲಗೆಯಿಂದ ಒಂದು ಮಿ.ಮೀ. ಹತ್ತಿರ ಮೇಲೆ ಕಾಣಬೇಕು. ಪಾದದ ಒತ್ತಡದ ಸ್ಕ್ರೂ ತೀರಾ ಸಡಿಲವಿದ್ದರೂ ಬಟ್ಟೆ ಜಾರುತ್ತದೆ. ಹಲ್ಲಿನ ತುದಿ ಕೈಗೆ ನುಣುಪಾಗಿದ್ದರೆ ಸವೆದಿದೆ, ಬದಲಿಸಿ.

ಮೋಟಾರು, ವೈರು, ಬೆಲ್ಟು

ಇಲ್ಲಿ ಧೈರ್ಯ ಬೇಡ, ಎಚ್ಚರ ಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ. ಮೋಟಾರಿನ ತಗಡಿನ ಮೇಲಿನ ವೋಲ್ಟೇಜ್ ಓದಿ. 110 ವೋಲ್ಟಿನ ಮೋಟಾರನ್ನು 220ಕ್ಕೆ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ವೈರಿನ ರಬ್ಬರ್ ಹೊದಿಕೆಯನ್ನು ಬಾಗಿಸಿ ನೋಡಿ, ಪುಡಿಯಾಗಿ ಉದುರಿದರೆ ಆ ವೈರಿಗೆ ಕರೆಂಟೇ ಕೊಡಬೇಡಿ. ಪೆಡಲ್ ಒತ್ತದೆಯೇ ಮಿಷನ್ ಓಡಿದರೆ ಪೆಡಲಿನ ಒಳಗಿನ ಕೆಪಾಸಿಟರ್ ಹೋಗಿರಬಹುದು. ಹೊಲಿದು ಮುಗಿದ ಮೇಲೆ ಪ್ಲಗ್ ತೆಗೆಯುವ ಅಭ್ಯಾಸ ಇಟ್ಟುಕೊಳ್ಳಿ, ಹಳೆ ಪೆಡಲ್ ಇದ್ದ ಮನೆಯಲ್ಲಿ ಇದು ಕಡ್ಡಾಯ. ಮೋಟಾರು ಕುಂಟುತ್ತಾ, ಕಿಡಿ ಜಾಸ್ತಿ ಹಾರುತ್ತಿದ್ದರೆ ಕಾರ್ಬನ್ ಬ್ರಷ್ ಸವೆದಿದೆ. 15-91 ಮತ್ತು 201-2ರಲ್ಲಿ ಮೋಟಾರು ಮಿಷನ್‌ಗೇ ಸೇರಿ ಗೇರಿನಿಂದ ತಿರುಗಿಸುತ್ತದೆ. ಅದಕ್ಕೆ ಎಣ್ಣೆ ಅಲ್ಲ, ಗ್ರೀಸ್ ಬೇಕು. ವೈರಿನ ಕೆಲಸ ಗೊತ್ತಿಲ್ಲದಿದ್ದರೆ ಗೊತ್ತಿರುವವರ ಕೈಗೆ ಕೊಡಿ.

ಕಾಲಿನಿಂದ ತುಳಿಯುವ ಮಿಷನ್‌ನ ಚರ್ಮದ ಬೆಲ್ಟು ಸುಮಾರು 5 ಮಿ.ಮೀ. ದಪ್ಪ, ಸಾಮಾನ್ಯವಾಗಿ 183 ಸೆಂ.ಮೀ. ಉದ್ದದಲ್ಲಿ ಸಿಗುತ್ತದೆ. ತಂತಿ ಕೊಕ್ಕೆಯಿಂದ ಸೇರಿಸುತ್ತಾರೆ. ಚರ್ಮ ಹಿಗ್ಗುತ್ತದೆ, ಕೆಲವು ವಾರಕ್ಕೆ ಮತ್ತೆ ಕತ್ತರಿಸಿ ಬಿಗಿಯಬೇಕು. ಮೋಟಾರಿನ ಬೆಲ್ಟನ್ನು ಬೆರಳಿನಿಂದ ಒತ್ತಿದರೆ ಸ್ವಲ್ಪ ಬಗ್ಗಬೇಕು. ಅತಿ ಬಿಗಿದರೆ ಮಿಷನ್ ಭಾರವಾಗಿ ತಿರುಗುತ್ತದೆ, ಬೇರಿಂಗ್ ಸವೆಯುತ್ತದೆ. ಬಾಬಿನ್ ಸುತ್ತುತ್ತಿಲ್ಲ ಅಂದರೆ ಸುತ್ತುವ ಚಕ್ರದ ರಬ್ಬರ್ ಉಂಗುರ ಗಟ್ಟಿಯಾಗಿದೆ. ಅಳತೆಗೆ ಸರಿಹೋಗುವ ಓ-ರಿಂಗ್ ಹಾಕಿದರೂ ನಡೆಯುತ್ತದೆ.

ಬಿಡಿಭಾಗ ಬೇಕೇ ಬೇಕು ಅಂದಾಗ

ಹೆಸರು ಹೇಳಿ ಕೇಳಬೇಡಿ, ನಂಬರ್ ಹೇಳಿ ಕೇಳಿ. ಸಿಂಗರ್ ಭಾಗಗಳ ಮೇಲೆ ಸಣ್ಣ ಅಕ್ಷರದಲ್ಲಿ ಸಿಮಾಂಕೋ ಎಂದೂ ಒಂದು ನಂಬರೂ ಒತ್ತಿರುತ್ತಾರೆ. ಸಿಂಗರ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯ ಇಂಗ್ಲಿಷ್ ಹೆಸರನ್ನು ಚಿಕ್ಕದು ಮಾಡಿದ್ದು ಅದು. ಜಿಡ್ಡು ಒರೆಸಿ ಭೂತಗನ್ನಡಿಯಲ್ಲಿ ನೋಡಿದರೆ ಪಾದ, ಬಾಬಿನ್ ಕೇಸ್, ಸೂಜಿಹಲಗೆಗಳಲ್ಲೂ ಅದು ಸಿಗುತ್ತದೆ. ಒಂದೇ ಭಾಗವನ್ನು ಹಲವು ಮಾದರಿಗಳಲ್ಲಿ ಬಳಸಿದ್ದಾರೆ. ನಂಬರ್ ಇದ್ದರೆ ನಿಮ್ಮ ಮಾದರಿಯದ್ದೇ ಬೇಕೆಂದು ಹಟ ಹಿಡಿಯುವ ಅಗತ್ಯವಿಲ್ಲ. ಕೈಪಿಡಿ ಕಳೆದಿದ್ದರೆ ಸ್ಮಿತ್ಸೋನಿಯನ್ ಗ್ರಂಥಾಲಯ ಹೊಲಿಗೆ ಮಿಷನ್‌ಗಳ ಹಳೆಯ ಕೈಪಿಡಿ, ಕ್ಯಾಟಲಾಗುಗಳನ್ನು ಡಿಜಿಟಲ್ ರೂಪದಲ್ಲಿ ಇಟ್ಟಿದೆ.

ಸೂಜಿ, ಬಾಬಿನ್, 15 ಮತ್ತು 66ರ ಬಾಬಿನ್ ಕೇಸ್, ಬೆಲ್ಟ್, ರಬ್ಬರ್ ಉಂಗುರ, ಟೆನ್ಶನ್ ಸ್ಪ್ರಿಂಗ್, ಕಾರ್ಬನ್ ಬ್ರಷ್, ಪಾದಗಳು ಇವೆಲ್ಲ ಹೊಸದೇ ಸಿಗುತ್ತವೆ. ಎಡವುವುದು ಅಳತೆಯಲ್ಲಿ. 15ರ ಬಾಬಿನ್ ಮತ್ತು 66ರ ಬಾಬಿನ್ ದೂರದಿಂದ ಒಂದೇ ಥರ ಕಾಣುತ್ತವೆ. 15ರದ್ದು ಎರಡೂ ಮುಖ ಚಪ್ಪಟೆ, ಸುಮಾರು 20.3 ಮಿ.ಮೀ. ಅಗಲ, 11.7 ಮಿ.ಮೀ. ಎತ್ತರ. 66ರದ್ದು ಮುಖ ಸ್ವಲ್ಪ ಉಬ್ಬಿರುತ್ತದೆ. ಒಂದನ್ನು ಇನ್ನೊಂದರಲ್ಲಿ ಹಾಕಿದರೆ ದಾರ ತಡೆದು ತಡೆದು ಬರುತ್ತದೆ, ಆಮೇಲೆ ಟೆನ್ಶನ್ ಬೈದುಕೊಂಡು ಕೂರುತ್ತೇವೆ.

15ರ ಬಾಬಿನ್ ಕೇಸ್ ಕೊಳ್ಳುವಾಗ ಇನ್ನೊಂದು ಸೂಕ್ಷ್ಮ ಇದೆ. ಕೇಸಿನಿಂದ ಒಂದು ಬೆರಳು ಮೇಲಕ್ಕೆ ಚಾಚಿರುತ್ತದೆ. ಕೆಲವದರಲ್ಲಿ ಅದು ಗಡಿಯಾರದ 11 ಗಂಟೆಯ ಜಾಗದಲ್ಲಿ, ಕೆಲವದರಲ್ಲಿ 1 ಗಂಟೆಯ ಜಾಗದಲ್ಲಿ. ಆ ಬೆರಳು ಕೂರುವ ಸಂದು ಮಿಷನ್‌ನ ಯಾವ ಕಡೆಗಿದೆ ನೋಡಿಕೊಂಡೇ ತನ್ನಿ. ಪಾದ ಕೊಳ್ಳುವಾಗ ಪಾದದ ತಳದಿಂದ ಸ್ಕ್ರೂವಿನ ಮಧ್ಯದವರೆಗೆ ಅಳೆಯಿರಿ. ಸುಮಾರು 13 ಮಿ.ಮೀ. ಇದ್ದರೆ ಗಿಡ್ಡ ಕಾಲಿನದು, 25 ಮಿ.ಮೀ. ಇದ್ದರೆ ಎತ್ತರ ಕಾಲಿನದು. ಸೂಜಿ ಓರೆಯಾಗಿ ಇಳಿಯುವ 401, 500ರಂಥ ಸಿಂಗರ್‌ಗಳಿಗೆ ಓರೆ ಕಾಲಿನ ಪಾದವೇ ಬೇಕು.

ಸ್ಕ್ರೂ ಕಳೆದರೆ ಹಾರ್ಡ್‌ವೇರ್ ಸ್ಕ್ರೂ ತುರುಕಬೇಡಿ. ಸಿಂಗರ್ ತನ್ನದೇ ಅಳತೆಯ ಮರೆ (ಸ್ಕ್ರೂವಿನ ಸುರುಳಿ ಗೆರೆ) ಬಳಸಿತ್ತು, ಬಲವಂತದಿಂದ ತಿರುಗಿಸಿದರೆ ರಂಧ್ರದ ಮರೆ ಹಾಳಾಗುತ್ತದೆ. ಇಂಥ ಸಣ್ಣ ಸಾಮಾನಿಗೆ, ಕ್ಯಾಮ್‌ಗಳಿಗೆ, ದೋಣಿ ಶಟಲ್‌ಗೆ ನನ್ನ ಮಟ್ಟಿಗೆ ಅತ್ಯುತ್ತಮ ದಾರಿ ಅದೇ ಮಾದರಿಯ ಇನ್ನೊಂದು ಕೆಟ್ಟ ಮಿಷನ್. ಬಣ್ಣ ಹೋದ, ಮೋಟಾರು ಸುಟ್ಟ ಮಿಷನ್ ಒಂದು ಬಾಬಿನ್ ಕೇಸಿನ ಹಣಕ್ಕೂ ಸಿಗುವುದುಂಟು, ಒಳಗಿನ ಭಾಗಗಳೆಲ್ಲ ಅಸಲಿ. ಹೊಸದಾಗಿ ತಯಾರಾದ ಅಗ್ಗದ ಬಾಬಿನ್ ಕೇಸ್, ಶಟಲ್‌ಗಳ ಅಂಚು ಎಷ್ಟೋ ಸಲ ಒರಟಾಗಿರುತ್ತದೆ. ತುಕ್ಕಿಲ್ಲದ ಹಳೆ ಅಸಲಿ ಭಾಗ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. ಆದರೆ ನೈಲಾನ್ ಗೇರ್‌ಗೆ ಈ ಮಾತು ಅನ್ವಯಿಸುವುದಿಲ್ಲ. ಹಳೆ ಮಿಷನ್‌ನಿಂದ ಕಿತ್ತ ನೈಲಾನ್ ಗೇರಿಗೂ ಅಷ್ಟೇ ವಯಸ್ಸಾಗಿರುತ್ತದೆ, ಹೊಸದನ್ನೇ ತರಿಸಿ.

ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ, ಹೊಲಿದು ನೋಡಿ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಅಥವಾ ಕೆಟ್ಟಿತು ಎಂದು ಗೊತ್ತಾಗುವುದಿಲ್ಲ. ತೆಗೆದ ಭಾಗವನ್ನು ಎಸೆಯದೆ ಮಾದರಿ ನಂಬರ್ ಬರೆದು ಪೊಟ್ಟಣದಲ್ಲಿಡಿ. ಎಲ್ಲ ಮುಗಿದ ಮೇಲೆ ದಾರ ಹಾಕದೆ, ಪಾದ ಎತ್ತಿ, ಕೆಲವು ನಿಮಿಷ ನಿಧಾನವಾಗಿ ಓಡಿಸಿ. ಒಳಗಿನ ಹಳೆ ಜಿಡ್ಡು ಕಪ್ಪಗೆ ಇಳಿದು ಬರುತ್ತದೆ, ಒರೆಸಿ ಮತ್ತೆ ಎಣ್ಣೆ ಬಿಡಿ. ಮೊದಲ ಹೊಲಿಗೆಗಳನ್ನು ಬೇಡದ ಬಟ್ಟೆಯ ಮೇಲೆ ಹಾಕಿ, ಸೂಜಿ ಕಡ್ಡಿಯಿಂದ ಎಣ್ಣೆ ಇಳಿಯುವುದು ನಿಂತ ಮೇಲೆ ಒಳ್ಳೆಯ ಬಟ್ಟೆ ಇಡಿ.